ಕುಲುಕಿ ನೋಡಿದ ಕಾರು

ನನ್ನ ಕಿವಿಯ ಬಗ್ಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹೊನ್ನವಳ್ಳಿಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವವರು ಹತ್ತಾರು ಜನ ಇದ್ದಾರೆ. ಆದರೆ ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಕುಲುಕಿ, 'ಒಳಗಿನ್ನೂ ನೀರಿದೆ, ಇರಲಿ', 'ಇದು ಒಣಗಿ ಉಂಡೆಯಾಗಿದೆ, ಒಡೆಸಿ' ಎಂದು ತೀರ್ಪು ಕೊಟ್ಟು, ಇಪ್ಪತ್ತೆರಡು ವರ್ಷಗಳಲ್ಲಿ ಒಮ್ಮೆಯೂ ತಪ್ಪದವನು ಈ ತೋಂಟದಾರ್ಯ ಒಬ್ಬನೇ. (ಇದನ್ನು ನಾನು ಹೇಳುತ್ತಿಲ್ಲ, ಊರು ಹೇಳುತ್ತದೆ. ಊರು ಹೇಳದಿದ್ದಾಗ ಮಾತ್ರ ನಾನು ಹೇಳುತ್ತೇನೆ.) ಇಂಥ ಕಿವಿಯನ್ನು ಬರೀ ಕೊಬ್ಬರಿಗೆ ಮೀಸಲಿಡುವುದು ಅನ್ಯಾಯ.

ಹಾಗಾಗಿ, ನಮ್ಮ ಹಳೇ ಕಾರಿನ ಪೆಟ್ರೋಲ್ ಮುಳ್ಳು ಎರಡು ವರ್ಷದ ಹಿಂದೆ ಅರ್ಧಕ್ಕೆ ಬಂದು ನಿಂತು, ಮುಂದಕ್ಕೂ ಇಲ್ಲ ಹಿಂದಕ್ಕೂ ಇಲ್ಲ ಎಂದು ಹಟ ಹಿಡಿದಾಗ ನಾನು ರಿಪೇರಿ ಮಾಡಿಸಲಿಲ್ಲ. ಕಾರಿನ ಹಿಂಭಾಗವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸುವುದು, ಕಿವಿ ಕೊಡುವುದು, ಎಷ್ಟು ಲೀಟರ್ ಇದೆ ಎಂದು ಘೋಷಿಸುವುದು. ಅಷ್ಟೇ.

"ಒಂದು ಮುಳ್ಳು ಹಾಕ್ಸೋದಕ್ಕೆ ಏನ್ರೀ ನಿಮ್ಗೆ ಧಾಡಿ?" ಎನ್ನುತ್ತಿದ್ದಳು ನನ್ನ ಧರ್ಮಪತ್ನಿ ದಾನೇಶ್ವರಿ.

"ಮುಳ್ಳು ಸುಳ್ಳು ಹೇಳ್ತದೆ ಕಣೇ. ಕಿವಿ ಹೇಳಲ್ಲ."

ಈ ದಾನೇಶ್ವರಿಗೆ ಕಿಬ್ಬನಹಳ್ಳಿಯಲ್ಲಿ ಒಂದು ಟೈಲರಿಂಗ್ ಅಂಗಡಿ ಇದೆ. ಹೊಲಿದ ಬಟ್ಟೆಯ ಗಂಟು ಹೊತ್ತುಕೊಂಡು ಬಸ್ಸಿಗೆ ಕಾದು ಕಾದು ಸಾಕಾಗಿ, ಕಾರು ಕಲಿಯುತ್ತೇನೆ ಎಂದು ಹೊರಟಳು. ಡ್ರೈವಿಂಗ್ ಸ್ಕೂಲಿಗೆ ಕಳಿಸಿದರೆ ನನ್ನ ಮರ್ಯಾದೆ ಏನಾಗಬೇಕು? ನಾನೇ ತೋಟದ ಸಾಲುಗಳ ನಡುವೆ ಕಲಿಸಿದೆ. ಮೂರು ತೆಂಗಿನ ಮರಗಳ ಬುಡಕ್ಕೆ ಪೆಟ್ಟಾದ ಮೇಲೆ ಅವಳಿಗೆ ಚೆನ್ನಾಗಿಯೇ ಬಂತು. ನಿಜ ಹೇಳುತ್ತೇನೆ, ಅಷ್ಟು ಚೆನ್ನಾಗಿ ಬಂದದ್ದು ನನಗೆ ಹಿಡಿಸಲಿಲ್ಲ. ಕಾರಿನ ಕೀಲಿ ನನ್ನ ಜೇಬಿನಲ್ಲಿರುವವರೆಗೆ ಮನೆಯಲ್ಲಿ ನನ್ನ ಮಾತಿಗೆ ಒಂದಿಷ್ಟು ತೂಕ ಇರುತ್ತದೆ ಎಂಬುದು ನನ್ನ ನಂಬಿಕೆ. ಪರೀಕ್ಷೆಯ ದಿನಾಂಕವನ್ನು ಎರಡು ಸಲ ಏನೇನೋ ನೆಪ ಹೇಳಿ ಮುಂದೂಡಿಸಿದೆ. ಕೊನೆಗೆ ಉಳಿದದ್ದು ಒಂದು ಗುರುವಾರ. ಅವಳ ಎಲ್‌ಎಲ್‌ಆರ್ ಎಂಬ ಕಲಿಕೆಯ ಲೈಸೆನ್ಸಿನ ಅವಧಿ ಮುಗಿಯುವುದೂ ಅದೇ ದಿನ. ಹನ್ನೊಂದು ಗಂಟೆಯೊಳಗೆ ಕಾರಿನ ಸಮೇತ ತಿಪಟೂರಿನ ಆರ್‌ಟಿಓ ಮುಂದೆ ನಿಲ್ಲದಿದ್ದರೆ, ಆರು ತಿಂಗಳ ಶ್ರಮ ಮಣ್ಣುಪಾಲು.

ಒಂಬತ್ತೂವರೆಗೆ ಕೀಲಿ ತಿರುಗಿಸಿದೆ. ಕಾರು ಕುಯ್ಯೋ ಕುಯ್ಯೋ ಎಂದಿತು. ಇನ್ನೊಮ್ಮೆ ತಿರುಗಿಸಿದೆ. ಕುಯ್ಯೋ ಕುಯ್ಯೋ. ನಾಲ್ಕು ದಿನದಿಂದ ಹೀಗೇ ಗೋಳಾಡಿ ಗೋಳಾಡಿ ಹೊರಡುತ್ತಿತ್ತು. ಅಂದು ಮಾತ್ರ ಹೊರಡಲೇ ಇಲ್ಲ.

ಬಾನೆಟ್ ಎತ್ತಿದೆ. ನಮ್ಮೂರಲ್ಲಿ ಯಾರದೇ ಕಾರಿನ ಬಾನೆಟ್ ಎತ್ತಿದರೆ ಸಾಕು, ಗಂಡಸರೆಲ್ಲ ಕೈ ಹಿಂದೆ ಕಟ್ಟಿಕೊಂಡು ಬಂದು ಬಗ್ಗಿ ನೋಡುತ್ತಾರೆ. ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ಶಿವಮೂರ್ತಿ ಎಲ್ಲರಿಗಿಂತ ಮುಂದೆ ನಿಂತ.

"ಕೆಪಾಸಿಟರ್ ಹೋಗೈತೆ ಕಣಣ್ಣ."

"ಕಾರಿಗೆ ಎಲ್ಲಿಂದ ಬರ್ಬೇಕಲಾ ಕೆಪಾಸಿಟರು?"

"ಮೋಟಾರ್ ಅಂದ್ಮೇಲೆ ಇದ್ದೇ ಇರ್ತದೆ, ಬುಡಣ್ಣ."

ಎದುರುಮನೆ ದುರ್ಗಯ್ಯನವರು ಕಾರನ್ನು ಒಂದು ಸುತ್ತು ಹಾಕಿ ಬಂದು, "ಒಂದೇ ಫೇಸ್ ಬತ್ತಾ ಇರ್ಬೇಕು, ನೋಡಪ್ಪ" ಎಂದರು. ನಾನು ಈ ಅಜ್ಞಾನಿಗಳನ್ನು ಕನಿಕರದಿಂದ ನೋಡಿ, ಇಂಜಿನ್ನಿಗೆ ಕಿವಿ ಇಟ್ಟು, "ಪ್ಲಗ್ಗಿನಲ್ಲಿ ಶೀತ ಸೇರಿಕೊಂಡಿದೆ" ಎಂದು ಗಂಭೀರವಾಗಿ ನಿರ್ಣಯ ಕೊಟ್ಟೆ. ಪ್ಲಗ್ ಬಿಚ್ಚಿ, ಒರೆಸಿ, ಬಿಸಿಲಿಗಿಟ್ಟು, ತಿರುಗಿ ಹಾಕಿದೆವು. ಕುಯ್ಯೋ. ಬ್ಯಾಟರಿಯ ತುದಿಗಳಿಗೆ ಬಿಸಿನೀರು ಹೊಯ್ದೆವು. ಕುಯ್ಯೋ. ದಾನೇಶ್ವರಿಯನ್ನು ಸ್ಟೀರಿಂಗಿಗೆ ಕೂರಿಸಿ ಏಳು ಜನ ಬೀದಿಯ ಕೊನೆಯವರೆಗೆ ತಳ್ಳಿದೆವು, ಮತ್ತೆ ಅಲ್ಲಿಂದ ಮನೆಯವರೆಗೆ ತಳ್ಳಿದೆವು. ಏಳು ಜನಕ್ಕೂ ಬೆವರು ಕಿತ್ತುಕೊಂಡು ಬಂತು, ಕಾರಿಗೆ ಏನೂ ಬರಲಿಲ್ಲ.

ಗಂಟೆ ಹತ್ತೂ ಕಾಲು. "ರೀ, ಪೆಟ್ರೋಲ್ ಐತೇನ್ರೀ?" ಎಂದಳು ಅವಳು ಕಿಟಕಿಯಿಂದ.

ಅಷ್ಟು ಜನ ಗಂಡಸರ ಮುಂದೆ ಕೇಳುವ ಪ್ರಶ್ನೆಯೇ ಇದು! ನಾನು ಹಿಂದಕ್ಕೆ ಹೋಗಿ, ಕಾರನ್ನು ಹಿಡಿದು, ಎಡಕ್ಕೊಮ್ಮೆ ಬಲಕ್ಕೊಮ್ಮೆ ಅಲುಗಾಡಿಸಿದೆ. ಎಲ್ಲರೂ ಉಸಿರು ಬಿಗಿಹಿಡಿದರು. ಒಳಗೆ ಗುಳಗುಳ ಗುಳಗುಳ ಸದ್ದು ಸ್ಪಷ್ಟವಾಗಿ ಕೇಳಿಸಿತು.

"ಹತ್ತು ಲೀಟರಿಗೆ ಕಮ್ಮಿ ಇಲ್ಲ" ಎಂದೆ. ಶಿವಮೂರ್ತಿ ತಲೆದೂಗಿದ.

"ಹಂಗಾದ್ರೆ ಯಾಕೆ ಸ್ಟಾರ್ಟ್ ಆಗ್ತಿಲ್ಲ?" ಎಂದಳು ದಾನೇಶ್ವರಿ.

"ಆಗ್ದೇ ಇದ್ರೆ ಬುಡು ಅತ್ಲಾಗೆ. ನಿಂಗೆ ಲೈಸೆನ್ಸು ಹಣೇಲಿ ಬರ್ದಿಲ್ಲ ಅನ್ಸುತ್ತೆ. ನಾನಿಲ್ವಾ, ಬೇಕಾದಾಗ ಬಿಟ್ಟು ಬತ್ತೀನಿ."

ಹಾಗೆ ಹೇಳುವಾಗ ನನ್ನ ದನಿಯಲ್ಲಿ ಸ್ವಲ್ಪ ಖುಷಿ ಇತ್ತೆಂದು ಕಾಣುತ್ತದೆ. ಅವಳು ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣು ತುಂಬಿತು. ಆಗ ಮಾತ್ರ ನನಗೆ ನಾಚಿಕೆಯಾಯಿತು, ಆದರೆ ಅಷ್ಟು ಜನರ ಮುಂದೆ ಅದನ್ನು ತೋರಿಸಿಕೊಳ್ಳುವುದು ಹೇಗೆ?

ಅವಳು ಇಳಿದು ಒಳಗೆ ಹೋದಳು. ಬರುವಾಗ ಕೈಯಲ್ಲಿ ಪೊರಕೆಯಿಂದ ಕಿತ್ತ ಉದ್ದನೆಯ ಒಂದು ಕಡ್ಡಿ ಇತ್ತು. ಪೆಟ್ರೋಲ್ ಮುಚ್ಚಳ ತೆಗೆದು, ಕಡ್ಡಿಯನ್ನು ತಳದವರೆಗೆ ಇಳಿಬಿಟ್ಟು, ಹೊರಕ್ಕೆ ಎಳೆದು, ನನ್ನ ಮೂಗಿನ ಮುಂದೆ ಹಿಡಿದಳು. ಕಡ್ಡಿಯ ತುದಿಯೂ ನೆನೆದಿರಲಿಲ್ಲ.

"ಮತ್ತೆ ಗುಳಗುಳ ಅಂದಿದ್ದು ಏನು?" ಎಂದರು ದುರ್ಗಯ್ಯ.

ದಾನೇಶ್ವರಿ ಡಿಕ್ಕಿ ತೆರೆದಳು. ಒಳಗೆ ಒಂದು ಮೂಟೆ, ಮೂಟೆಯ ತುಂಬ ಸುಲಿದ ತೆಂಗಿನಕಾಯಿ.

"ನಾನೇ ರಾತ್ರಿ ಇಡ್ಸಿದ್ದು ಕಣ್ಲಾ" ಎಂದರು ಜಗಲಿಯ ಮೇಲಿಂದ ನಮ್ಮಮ್ಮ ಶಿವರುದ್ರಮ್ಮ. "ಹೆಂಗೂ ತಿಪಟೂರಿಗೆ ಹೊಂಟಿದ್ರಲ್ಲ, ನಿಮ್ಮಕ್ಕನ ಮನೆಗೆ ಕೊಟ್ಟು ಬರ್ಲಿ ಅಂತ." (ತಿಪಟೂರಿಗೆ ತೆಂಗಿನಕಾಯಿ ಕಳಿಸುವ ಹೆಂಗಸು ಜಗತ್ತಿನಲ್ಲಿ ನಮ್ಮಮ್ಮ ಒಬ್ಬರೇ ಇರಬೇಕು.)

ಕಾಯಿಯೊಳಗಿನ ನೀರಿನ ಸದ್ದನ್ನು ಪೆಟ್ರೋಲ್ ಎಂದು ಸಾರಿದವನು ಊರಿನ ನಂಬರ್ ಒನ್ ಕೊಬ್ಬರಿ ವ್ಯಾಪಾರಿ! ಶಿವಮೂರ್ತಿ ನಗುವುದಕ್ಕೆಂದೇ ಕಾಂಪೌಂಡಿನ ಆಚೆ ಹೋಗಿ ಬಂದ. ಆಮೇಲೆ, ಪುಣ್ಯಾತ್ಮ, ತನ್ನ ಬೈಕಿನಿಂದ ಎರಡು ಬಾಟಲಿ ಪೆಟ್ರೋಲ್ ಇಳಿಸಿಕೊಟ್ಟ. ಕಾರು ನಾಲ್ಕನೆಯ ಸಲಕ್ಕೆ ಹೊರಟಿತು. ನಾನೇ ಓಡಿಸಿದೆ. ಹನ್ನೊಂದಕ್ಕೆ ಮೂರು ನಿಮಿಷ ಇರುವಾಗ ಆರ್‌ಟಿಓ ಗೇಟು ದಾಟಿದೆವು.

ಬ್ರೇಕ್ ಇನ್ಸ್‌ಪೆಕ್ಟರ್ ಮೋಹನ್ ಕುಮಾರ್ ಎಂಬವರು ಮುಂದೆ ನಿಂತು ನೋಡಿದರು. ದಾನೇಶ್ವರಿ ಎಂಟು ಹಾಕಿದಳು, ಹಿಂದಕ್ಕೆ ತೆಗೆದಳು, ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿದಳು. ಒಂದು ಕಂಬವೂ ಅಲುಗಲಿಲ್ಲ. ನನಗೇ ಗೊತ್ತಿಲ್ಲದಂತೆ ನಾನು ಚಪ್ಪಾಳೆ ತಟ್ಟಿದೆ.

"ಪಾಸು ಕಣಮ್ಮ. ಯಾರು ಕಲಿಸಿದ್ದು?"

"ನಾನೇ ಸಾರ್!" ಎಂದು ಎದೆಯುಬ್ಬಿಸಿ ಮುಂದೆ ಬಂದೆ. "ಇವತ್ತು ಇಲ್ಲಿಗೆ ಓಡಿಸಿಕೊಂಡು ಬಂದಿದ್ದೂ ನಾನೇ."

"ಒಳ್ಳೇದು. ನಿಮ್ಮ ಲೈಸೆನ್ಸ್ ಕೊಡಿ, ನೋಡೋಣ."

ಪರ್ಸಿನ ತಳದಿಂದ ಹೆಮ್ಮೆಯಿಂದ ತೆಗೆದು ಕೊಟ್ಟೆ. ಅವರು ಕಾರ್ಡನ್ನು ಹತ್ತಿರ ಹಿಡಿದರು, ದೂರ ಹಿಡಿದರು, ಕನ್ನಡಕ ಹಾಕಿಕೊಂಡು ನೋಡಿದರು.

"ಇದು ಮುಗಿದು ಮೂರು ವರ್ಷ ಆಯ್ತಲ್ರೀ, ಯಜಮಾನರೇ. ವರ್ಷ ದಾಟಿದ ಮೇಲೆ ಸುಮ್ನೆ ರಿನ್ಯೂ ಆಗಲ್ಲ, ಮತ್ತೆ ಟೆಸ್ಟ್ ಕೊಡಬೇಕು. ಅಲ್ಲಿ ಎರಡನೇ ಕಿಟಕಿ, ಎಲ್‌ಎಲ್‌ಆರ್ ಫಾರಂ ತಗೊಳ್ಳಿ." ಆಮೇಲೆ ದಾನೇಶ್ವರಿಯ ಕಡೆ ತಿರುಗಿ, "ಅಮ್ಮ, ನಿಮ್ಮ ಕಾರ್ಡು ಇನ್ನೂ ಕೈಗೆ ಬಂದಿಲ್ಲ, ಆದ್ರೂ ಈಗ ಮನೆಗೆ ಯಾರು ಓಡಿಸಿಕೊಂಡು ಹೋಗ್ತಾರೆ ಅಂತ ನಾನು ನೋಡೋಕೆ ಹೋಗಲ್ಲ. ಇವರ ಕೈಗೆ ಮಾತ್ರ ಕೊಡಬೇಡಿ" ಎಂದರು.

ಅವಳು ಕೈ ಚಾಚಿದಳು. ಕೀಲಿ ಕೊಟ್ಟೆ.

ಮನೆ ಮುಂದೆ ಕಾರು ನಿಂತಾಗ ಸೊಸೆ ಡ್ರೈವರ್ ಕಡೆಯಿಂದಲೂ ಮಗ ಇನ್ನೊಂದು ಕಡೆಯಿಂದಲೂ ಇಳಿದದ್ದನ್ನು ಕಂಡು ನಮ್ಮಮ್ಮನಿಗೆ ಗಾಬರಿ.

"ಯಾಕೇ ದಾನು, ಇವ್ನಿಗೆ ಮೈಯಾಗೆ ಹುಷಾರಿಲ್ವೇನೇ?"

"ಹುಷಾರಾಗೇ ಅವ್ರೆ ಕಣತ್ತೆ" ಎಂದಳು ಅವಳು, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತ. "ಇನ್ನು ಟೆಸ್ಟ್ ಆಗೋಗಂಟ ಒಬ್ರನ್ನೇ ಹೊರಗೆ ಬುಡಂಗಿಲ್ಲ ಅಂತ ಸರ್ಕಾರ ಹೇಳೈತೆ, ಅಷ್ಟೆ."