ನನ್ನ ದೋಣಿಯನ್ನು ಇಪ್ಪತ್ತನಾಲ್ಕು ವರ್ಷ ನಿಧಾನವಾಗಿ ಓಡಿಸಿದ ಫರ್ಮ್‌ವೇರ್ ಕಡತಕ್ಕೆ

೧. ದೂರುದಾರರು: ಜಟ್ಟ ದುರ್ಗಪ್ಪ ಮೊಗೇರ, ವಯಸ್ಸು ಎಪ್ಪತ್ತೊಂದು, ವಾಸ ಮಾವಳ್ಳಿ, ಭಟ್ಕಳ ತಾಲೂಕು, ಹೊನ್ನಾವರದ ಬಂದರಿನ ಬಳಿ ಮೂವತ್ತೊಂದು ವರ್ಷ ಮೀನುಗಾರರ ಅರ್ಜಿ ಬರೆದವರು.

೨. ಎದುರುದಾರರು: ಟೀವಿ ಆಟದ ಪೆಟ್ಟಿಗೆಯನ್ನು ಚಾಲೂ ಮಾಡುವ, ಯುರೋಪ್ ಪ್ರದೇಶದ ಫರ್ಮ್‌ವೇರ್ ಕಡತ, ಗಾತ್ರ ಐದುನೂರ ಹನ್ನೆರಡು ಕಿಲೋಬೈಟ್, ಹಾಲಿ ವಾಸ ನನ್ನ ಮಗಳು ಸುಚಿತಾಳ ಲ್ಯಾಪ್‌ಟಾಪು.

೩. ತಕರಾರಿನ ವಸ್ತು: ನಮ್ಮ ತಂದೆಯವರ ದೋಣಿಯಲ್ಲಿದ್ದ ಹಿತ್ತಾಳೆಯ ದಿಕ್ಸೂಚಿ, ಒಂದು.

೪. ಅದರ ಮೇಲೆ ಹಕ್ಕು ಸಾಧಿಸುತ್ತಿರುವವರು: ನನ್ನ ತಂಗಿ ಬಂಗಾರಿ, ವಯಸ್ಸು ಅರವತ್ತೈದು, ವಾಸ ಬಾಡ, ಕುಮಟಾ ತಾಲೂಕು.

೫. ತುರ್ತಿಗೆ ಕಾರಣ: ನೂಲ ಹುಣ್ಣಿಮೆಗೆ ಇನ್ನು ಹನ್ನೊಂದೇ ದಿನ.

ಮಾನ್ಯರೇ,

ತಾವು ತಯಾರಾದ ದಿನದಿಂದ ಈ ದಿನದವರೆಗೆ ಒಂದಕ್ಷರವೂ ಬದಲಾಗದೆ, ಕ್ಷೇಮವಾಗಿಯೂ ಗಂಭೀರವಾಗಿಯೂ ಇರುವಿರೆಂದು ನಂಬಿ, ಮಾವಳ್ಳಿಯ ಜಗಲಿಯಿಂದ ಎರಡೂ ಕೈ ಜೋಡಿಸಿ ಈ ಕೆಳಗಿನ ಅಹವಾಲನ್ನು ತಮ್ಮ ಸನ್ನಿಧಿಯಲ್ಲಿ ಮಂಡಿಸುತ್ತಿದ್ದೇನೆ. ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೆ ದಿನಬೆಳಗಾದರೆ ಬರುವ ಶುಭೋದಯದ ಗುಲಾಬಿ ಚಿತ್ರಕ್ಕಿಂತಲೂ ಚಿಕ್ಕ ಗಾತ್ರದವರಾದ ತಾವು, ತಮ್ಮ ಅಪ್ಪಣೆಯಿಲ್ಲದೆ ಆಟದ ಪೆಟ್ಟಿಗೆಯೊಂದು ಕಣ್ಣು ಬಿಡುವುದೂ ಸಾಧ್ಯವಿಲ್ಲದಂತಹ ಅಧಿಕಾರವನ್ನು ಪಡೆದಿರುವುದು ಎಷ್ಟೋ ದೊಡ್ಡ ಕಚೇರಿಗಳನ್ನು ಕಂಡ ನನಗೂ ಅಚ್ಚರಿಯ ಸಂಗತಿಯೇ ಸರಿ.

ಪ್ರಕರಣದ ಹಿನ್ನೆಲೆ ಹೀಗಿದೆ. ಸಾವಿರದ ಒಂಬೈನೂರ ತೊಂಬತ್ತೊಂಬತ್ತರಲ್ಲಿ ನನ್ನ ಹೆಂಡತಿಯ ಅಣ್ಣ ಮೋಹನ ಮಸ್ಕತ್‌ನಿಂದ ಟೀವಿಗೆ ಜೋಡಿಸಿ ಆಡುವ ಪೆಟ್ಟಿಗೆಯೊಂದನ್ನೂ, ಮೋಟಾರು ದೋಣಿಗಳ ಪಂದ್ಯದ ಡಿಸ್ಕೊಂದನ್ನೂ ತಂದುಕೊಟ್ಟನು. ಹಡಗಿನ ಕೆಲಸದಲ್ಲಿದ್ದ ಬಂಗಾರಿಯ ಗಂಡ ವಿನಾಯಕನು ಅದೇ ಪೆಟ್ಟಿಗೆಯನ್ನೂ ಅದೇ ಆಟವನ್ನೂ ಜಪಾನಿನ ಬಂದರಿನಿಂದ ಬಾಡಕ್ಕೆ ತಂದನು. ನನ್ನ ಡಿಸ್ಕು ಅವಳ ಪೆಟ್ಟಿಗೆಯಲ್ಲಿ ತಿರುಗಲೊಲ್ಲದು, ಅವಳದು ನನ್ನದರಲ್ಲಿ ತಿರುಗಲೊಲ್ಲದು. ಆದಕಾರಣ ಅಣ್ಣತಂಗಿಯರು ತಂತಮ್ಮ ತಾಲೂಕಿನಲ್ಲೇ ಕುಳಿತು ದೋಣಿ ಓಡಿಸಿ, ಕೊಲ್ಲಿಯ ಒಂದು ಸುತ್ತಿಗೆ ಎಷ್ಟು ಸಮಯ ಹಿಡಿಯಿತೆಂದು ಫೋನಿನಲ್ಲಿ ಹೇಳಿಕೊಳ್ಳುತ್ತಿದ್ದೆವು. ಎರಡು ಸಾವಿರದ ಒಂದರಲ್ಲಿ, ಚೌತಿಯ ದಿನ ಯಾರ ಮೆಮೊರಿ ಕಾರ್ಡಿನಲ್ಲಿ ಕಡಿಮೆ ಸಮಯ ದಾಖಲಾಗಿರುತ್ತದೋ ಅವರಿಗೇ ಅಪ್ಪನ ದಿಕ್ಸೂಚಿ ಎಂದು ಮಾತಾಯಿತು. ನನ್ನದು ಎರಡು ನಿಮಿಷ ಹನ್ನೊಂದು ಸೆಕೆಂಡು. ಅವಳದು ಎರಡು ನಿಮಿಷ ಹದಿನಾಲ್ಕು. ದಿಕ್ಸೂಚಿ ಅಂದಿನಿಂದ ನನ್ನ ಕಪಾಟಿನಲ್ಲಿದೆ, ಆ ಎರಡು ಹನ್ನೊಂದರ ಮಾತು ಮದುವೆ ಮುಂಜಿಗಳೆನ್ನದೆ ನನ್ನ ಬಾಯಲ್ಲಿದೆ.

ಈ ವರ್ಷ ಬಂಗಾರಿ ಮತ್ತು ವಿನಾಯಕ ಹೊಸ ದೋಣಿ ಕಟ್ಟಿಸಿದ್ದಾರೆ. ನೂಲ ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಬಿಟ್ಟು ಅದನ್ನು ನೀರಿಗಿಳಿಸುವವರಿದ್ದು, ಅಪ್ಪನ ದಿಕ್ಸೂಚಿಯನ್ನು ಅದರಲ್ಲಿಡಬೇಕೆಂದು ಆಕೆ ಕೇಳಿಕೊಂಡಳು. ನಾನು ಅದಕ್ಕೆ, ಸದರಿ ವಸ್ತುವು ಭಟ್ಕಳ ತಾಲೂಕಿನ ಮಾವಳ್ಳಿಯ ಮನೆಗೆ ಸೇರಿದ್ದಾಗಿಯೂ, ತಾವು ಕುಮಟಾ ತಾಲೂಕಿನವರಾಗಿಯೂ ಇರುವುದರಿಂದ ತಮ್ಮ ಕೋರಿಕೆಯು ವ್ಯಾಪ್ತಿಯ ಹೊರಗಿನದೆಂದೂ, ದಾಖಲೆಯನ್ನು ಮುರಿದಲ್ಲಿ ಮಾತ್ರ ಪರಿಶೀಲಿಸಲಾಗುವುದೆಂದೂ ಲಿಖಿತ ಉತ್ತರ ಕೊಟ್ಟೆನು. ಅದು ಒಳ್ಳೆಯ ಒಕ್ಕಣೆಯಾಗಿತ್ತೆಂದು ಆಗ ನನಗೆ ಅನಿಸಿತ್ತು. ಅದನ್ನೋದಿ ಬಂಗಾರಿ ಫೋನು ಮಾಡಿ, "ಆತು ಮಾರಾಯ, ಬತ್ತೆ ನಾನು. ಕನ್ನಡಕ ಒರೆಸಿ ಇಟ್ಕೋ," ಎಂದಷ್ಟೇ ಹೇಳಿದಳು.

ಆದರೆ ನನ್ನ ಪೆಟ್ಟಿಗೆಯು ಕಡಲ ಗಾಳಿಗೆ ತುಕ್ಕು ಹಿಡಿದು ಮೌನಿಯಾಗಿ ಎಂಟು ವರ್ಷಗಳಾಗಿದ್ದವು. ಇಂದಿನ ಕಂಪ್ಯೂಟರನ್ನೇ ಹಳೆಯ ಪೆಟ್ಟಿಗೆಯಂತೆ ನಟಿಸುವ ಹಾಗೆ ಮಾಡುವ ಎಮ್ಯುಲೇಟರ್ ಎಂಬ ತಂತ್ರಾಂಶವಿದೆಯೆಂದು ಸುಚಿತಾ ಹೇಳಿ, ಅದಕ್ಕೆ ಪೆಟ್ಟಿಗೆಯ ಮೂಲ ಕಡತವಾದ ಫರ್ಮ್‌ವೇರ್ ಬೇಕೆಂದೂ, ಅದರಲ್ಲಿ ಜಪಾನ್, ಅಮೆರಿಕ, ಯುರೋಪ್ ಎಂದು ಮೂರು ಪ್ರದೇಶಗಳಿವೆಯೆಂದೂ, ಮಸ್ಕತ್ತಿನಿಂದ ಬಂದ ನನ್ನದು ಯುರೋಪಿನದೆಂದೂ ತಿಳಿಸಿದಳು. ಅಂತರ್ಜಾಲದಲ್ಲಿ ಅದು ಸಿಕ್ಕೀತೇನೋ. ಆದರೆ ಪರರ ಸೊತ್ತಿನ ನಕಲಿಗೆ ಈ ಮನೆಯಲ್ಲಿ ಅವಕಾಶವಿಲ್ಲವೆಂದೂ, ನಮ್ಮದೇ ಪೆಟ್ಟಿಗೆಯಿಂದ ತೆಗೆದದ್ದಾದರೆ ಮಾತ್ರ ಆಗಬಹುದೆಂದೂ ನಾನು ಪಟ್ಟು ಹಿಡಿದೆನು. ಬಂಗಾರಿಯ ಪೆಟ್ಟಿಗೆ ಇನ್ನೂ ಉಸಿರಾಡುತ್ತಿದ್ದುದರಿಂದ ಮೊದಲು ಅವಳ ಜಪಾನ್ ಫರ್ಮ್‌ವೇರನ್ನೇ ತೆಗೆಸಿ ತಂದು ಪ್ರಯತ್ನಿಸಲಾಯಿತು. ಅವರು, ಅಂದರೆ ತಮ್ಮ ಜಪಾನಿನ ಸಹೋದ್ಯೋಗಿಗಳು, ನನ್ನ ಡಿಸ್ಕನ್ನು ಒಮ್ಮೆ ನೋಡಿ, ಇದು ನಮ್ಮ ಪ್ರದೇಶದ್ದಲ್ಲವೆಂದು ಪರದೆಯನ್ನು ಕಪ್ಪಗೆ ಮಾಡಿ ಕುಳಿತರು. ಕಾರಣವಿಲ್ಲ, ಹಿಂಬರಹವಿಲ್ಲ, ಮೇಲ್ಮನವಿ ಎಲ್ಲಿ ಸಲ್ಲಿಸಬೇಕೆಂಬ ಸೂಚನೆಯೂ ಇಲ್ಲ. ಇಷ್ಟು ಪರಿಶುದ್ಧವಾದ ತಿರಸ್ಕಾರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಆಗ ಜೊತೆಗೆ ತರಿಸಿದ್ದ ಅವಳದೇ ಡಿಸ್ಕು ಹಾಕಿ ಆಡಿದೆನು. ದೋಣಿಯು ಹೊರಟಿತೆಂದು ತಿಳಿಯುವುದರೊಳಗೆ ಬಂಡೆಗೆ ಬಡಿಯಿತು. ಎರಡನೆಯ ಸಲ ದೀಪಸ್ತಂಭಕ್ಕೆ, ಮೂರನೆಯ ಸಲ ಮತ್ತದೇ ಬಂಡೆಗೆ. ಜಪಾನ್ ಫರ್ಮ್‌ವೇರು ದೋಷಪೂರಿತವೆಂದೂ, ದೋಣಿಗೆ ಹುಚ್ಚು ಹಿಡಿದಿದೆಯೆಂದೂ ನಾನು ಅಲ್ಲೇ ತೀರ್ಪು ಕೊಟ್ಟು, ನನ್ನ ಪೆಟ್ಟಿಗೆಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಬಸ್ಸು ಹತ್ತಿ ಭಟ್ಕಳದ ರಿಪೇರಿ ಅಂಗಡಿಯ ಜುಬಾಪು ಸಾಹೇಬರಲ್ಲಿಗೆ ಹೋದೆನು. ಅವರು ಪೆಟ್ಟಿಗೆ ಬಿಚ್ಚಿ, ತುಕ್ಕು ಉದುರಿಸಿ, "ಇದು ಸತ್ತಿದೆ ಭಾಯಿ, ಆದ್ರೆ ಇದ್ರ ತಲೆ ಜಿಂದಾ ಇದೆ," ಎಂದು ಚಿಪ್ಪೊಂದನ್ನು ಹೊರತೆಗೆದು, ಚಿಪ್ಪು ಓದುವ ಯಂತ್ರದಲ್ಲಿಟ್ಟು ತಮ್ಮನ್ನು ಹೊರಕ್ಕೆ ಕರೆತಂದರು. ಮಾನ್ಯರೇ, ನಮ್ಮಿಬ್ಬರ ಮೊದಲ ಭೇಟಿ ಅಲ್ಲಿಯೇ ಆದದ್ದು. ಕಡತಕ್ಕೊಂದು ಮೊಹರು ಒತ್ತಿ ದೃಢೀಕೃತ ನಕಲೆಂದು ಬರೆದುಕೊಡಿರೆಂದು ನಾನು ಕೋರಿದ್ದಕ್ಕೆ ಸಾಹೇಬರು ಚಹಾ ತರಿಸಿದರು.

ಕಳೆದ ಭಾನುವಾರ ಮಧ್ಯಾಹ್ನ ಬಂಗಾರಿ ಬಂದಳು. ಸುಚಿತಾ ಎರಡು ಲ್ಯಾಪ್‌ಟಾಪುಗಳನ್ನು ಅಕ್ಕಪಕ್ಕದಲ್ಲಿಟ್ಟು, ಒಂದರಲ್ಲಿ ತಮ್ಮನ್ನೂ ಇನ್ನೊಂದರಲ್ಲಿ ಜಪಾನಿನವರನ್ನೂ ಕೂರಿಸಿದಳು. ನನ್ನ ಹಳೆಯ ಕಾರ್ಡಿನಿಂದ ಜೆ.ಡಿ.ಎಂ. ಎಂಬ ಮೂರಕ್ಷರಗಳೊಡನೆ ಎರಡು ನಿಮಿಷ ಹನ್ನೊಂದು ಸೆಕೆಂಡು ಎಂಬುದು ಪರದೆಯ ಮೇಲೆ ಬೆಳಗಿದಾಗ ನಾನು ಎದ್ದುನಿಂತೆನೆಂಬುದನ್ನು ಮುಚ್ಚಿಡಲಾರೆ. ಯಾರೂ ಆಡದೆ ಬಿಟ್ಟರೆ ಆ ಆಟವು ತಾನೇ ಒಂದು ದೋಣಿಯನ್ನು ಕೊಲ್ಲಿಯ ಸುತ್ತ ಓಡಿಸಿ ತೋರಿಸುತ್ತದೆ. ಎರಡೂ ಪರದೆಗಳಲ್ಲಿ ಅದು ಒಟ್ಟಿಗೇ ಹೊರಟಿತು. ಬಂಗಾರಿಯ ಕಡೆಯ ದೋಣಿ ಸುತ್ತು ಮುಗಿಸಿದಾಗ ನನ್ನ ಕಡೆಯದು ಇನ್ನೂ ದೀಪಸ್ತಂಭದ ಬಳಿ ಗಾಳಿ ಸೇವಿಸುತ್ತಿತ್ತು.

"ಎಂತ ಅಣ್ಣ, ನಿನ್ ದೋಣಿ ಬಲೆ ಎಳ್ಕಂಡ್ ಹೋಗ್ತದ್ಯಾ?" ಎಂದು ಬಂಗಾರಿ ಕೇಳಿದಳು.

ಪರದೆಯ ಮೇಲಿನ ಸಮಯ ಎರಡರಲ್ಲೂ ಕೊನೆಗೆ ಎರಡು ನಿಮಿಷ ಇಪ್ಪತ್ತು ಸೆಕೆಂಡೇ ಬಂತು. ಗೋಡೆಯ ಗಡಿಯಾರದಲ್ಲಿ ಮಾತ್ರ ಅವಳ ಕಡೆಗೆ ಎರಡು ಇಪ್ಪತ್ತು, ನನ್ನ ಕಡೆಗೆ ಎರಡು ನಲವತ್ತೆಂಟು. ಸುಚಿತಾ ವಿವರಿಸಿದ ಪ್ರಕಾರ ಜಪಾನಿನ ಪೆಟ್ಟಿಗೆಯು ಸೆಕೆಂಡಿಗೆ ಅರವತ್ತು ಚಿತ್ರ ತೋರಿಸುತ್ತದೆ, ಯುರೋಪಿನದು ಐವತ್ತು. ಈ ಆಟವನ್ನು ಯುರೋಪಿಗೆ ಕಳಿಸಿದವರು ಆ ವ್ಯತ್ಯಾಸವನ್ನು ಸರಿಪಡಿಸದೆ ಬಿಟ್ಟದ್ದರಿಂದ ದೋಣಿಯೂ ನಿಧಾನ, ಅದನ್ನು ಅಳೆಯುವ ಗಡಿಯಾರವೂ ಅಷ್ಟೇ ನಿಧಾನ. ಅಂದರೆ ನನ್ನ ಎರಡು ಹನ್ನೊಂದು ನಿಜದಲ್ಲಿ ಎರಡು ಮೂವತ್ತೇಳು. ಒಂದೊಂದು ತಿರುವಿನಲ್ಲೂ ನನಗೆ ಯೋಚಿಸಲು ಸಮಯವಿತ್ತು, ಬಂಗಾರಿಗೆ ಇರಲಿಲ್ಲ.

ಮಾನ್ಯರೇ, ತಮ್ಮ ಔದಾರ್ಯವನ್ನು ಯಾವ ಮಾತಿನಿಂದ ಕೊಂಡಾಡಲಿ? ಕೇಳದೆಯೇ ಸುತ್ತೊಂದಕ್ಕೆ ಇಪ್ಪತ್ತಾರು ಸೆಕೆಂಡು ದಯಪಾಲಿಸಿದಿರಿ, ದಯಪಾಲಿಸಿದ್ದನ್ನು ಯಾರಿಗೂ ತಿಳಿಸದೆ ಗಡಿಯಾರವನ್ನೂ ಅದಕ್ಕೆ ಒಪ್ಪುವಂತೆ ಮಾಡಿದಿರಿ. ಇಂಥ ಕೃಪೆಯನ್ನು ಇಪ್ಪತ್ತನಾಲ್ಕು ವರ್ಷ ನನ್ನ ಕೈಚಳಕವೆಂದು ತಿಳಿದು, ತಂಗಿಯ ಎದುರಿಗೂ, ಅವಳ ಬೀಗರ ಎದುರಿಗೂ ಮೀಸೆ ತಿರುವಲು ನನ್ನನ್ನು ಬಿಟ್ಟಿರಿ. ಒಂದು ಸೂಚನಾ ಪತ್ರವನ್ನಾದರೂ ಕಳಿಸಬಹುದಿತ್ತು.

ಆದಕಾರಣ ತಮ್ಮಲ್ಲಿ ಪ್ರಾರ್ಥಿಸುವುದೇನೆಂದರೆ, ನನಗೆ ಹೆಚ್ಚುವರಿಯಾಗಿ ನೀಡಲಾದ ಇಪ್ಪತ್ತಾರು ಸೆಕೆಂಡುಗಳನ್ನು ಹಿಂಪಡೆಯತಕ್ಕದ್ದು, ಅಥವಾ ಅಷ್ಟನ್ನೇ ಎರಡು ಸಾವಿರದ ಒಂದರಿಂದ ಪೂರ್ವಾನ್ವಯವಾಗುವಂತೆ ಬಂಗಾರಿಗೂ ಮಂಜೂರು ಮಾಡತಕ್ಕದ್ದು. ಮೂರು ಪ್ರದೇಶಗಳ ಜೊತೆಗೆ ಉತ್ತರ ಕನ್ನಡ ಕರಾವಳಿ ಎಂಬ ನಾಲ್ಕನೆಯದನ್ನು ಸ್ಥಾಪಿಸಿ, ರಾಜಿಯ ರೂಪದಲ್ಲಿ ವೇಗವನ್ನು ಐವತ್ತೈದೆಂದು ನಿಗದಿಪಡಿಸಿ, ಮೀನು ಮಾರುವವನ ಬೈಕಿನ ಹಾರ್ನು ಕೇಳಿದೊಡನೆ ಆಟವು ತಾನಾಗಿ ನಿಲ್ಲುವ ವ್ಯವಸ್ಥೆಯನ್ನೂ ಅದರಲ್ಲಿ ಅಳವಡಿಸತಕ್ಕದ್ದು. ಮತ್ತು ಆ ಭಾನುವಾರದ ಮಧ್ಯಾಹ್ನವನ್ನು ಸಾಧ್ಯವಾದರೆ ದಾಖಲೆಯಿಂದ ಅಳಿಸತಕ್ಕದ್ದು.

ಇಷ್ಟು ಬರೆದು ಓದಿ ನೋಡುವಾಗ, ನಿಮ್ಮವರು ನನ್ನ ಡಿಸ್ಕಿಗೆ ಹೇಳಿದ ಉತ್ತರವನ್ನೇ ನಾನು ನನ್ನ ಒಡಹುಟ್ಟಿದವಳಿಗೆ ಬರೆದು ಕಳಿಸಿದ್ದೆನೆಂಬುದು ಗಮನಕ್ಕೆ ಬಂತು. ನಿಮಗೆ ಚಿಪ್ಪಿನಲ್ಲೇ ಹಾಗೆ ಕೆತ್ತಿಟ್ಟಿದ್ದಾರೆ, ಬೇರೆ ದಾರಿಯಿಲ್ಲ. ನನಗೆ ಹಾಗೆ ಹೇಳಿಕೊಳ್ಳಲು ಬರುವಂತಿಲ್ಲ. ಅಪ್ಪನ ದಿಕ್ಸೂಚಿಯನ್ನು ಕಪಾಟಿನಿಂದ ತೆಗೆದು ಮೇಜಿನ ಮೇಲಿಟ್ಟಿದ್ದೇನೆ. ಅದರ ಮುಳ್ಳು ಸ್ವಲ್ಪ ತೊನೆದಾಡಿ ಉತ್ತರಕ್ಕೆ ನಿಂತಿತು. ಭಟ್ಕಳದಲ್ಲೂ ಕುಮಟಾದಲ್ಲೂ ಅದಕ್ಕೆ ಉತ್ತರ ಒಂದೇ. ಆ ಭಾನುವಾರ ಹೊರಡುವಾಗ ಬಂಗಾರಿ ಅದನ್ನು ಕೇಳಲಿಲ್ಲ, "ಕಾರ್ಡಲ್ಲಿದ್ದದ್ದು ನಿಂದೇ ಅಣ್ಣ, ಇರ್ಲಿ ಬಿಡು. ಹುಣ್ಣಿಮೆಗೆ ಬಾ," ಎಂದು ಚಪ್ಪಲಿ ಮೆಟ್ಟಿದಳು. ಅವಳು ಜಗಳವಾಡಿದ್ದರೆ ನನಗೆ ಬಹಳ ಅನುಕೂಲವಾಗುತ್ತಿತ್ತು.

ನಿಧಾನವಾಗಿಯಾದರೂ ತಮ್ಮ ವಿಶ್ವಾಸಿ,

(ಸಹಿ) ಜಟ್ಟ ದುರ್ಗಪ್ಪ ಮೊಗೇರ
ಮಾವಳ್ಳಿ

ವಿ.ಸೂ.: ಅಂದು ಸುಚಿತಾಳ ಒತ್ತಾಯಕ್ಕೆ ಬಂಗಾರಿಯು ತಮ್ಮ ಯುರೋಪಿನ ವೇಗದಲ್ಲೂ ಒಂದು ಸುತ್ತು ಆಡಿದಳು. ಒಂದು ನಿಮಿಷ ಐವತ್ತೆಂಟು ಸೆಕೆಂಡು. ನಡುವೆ ಒಮ್ಮೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡದ್ದೂ ಸೇರಿ. ಅದನ್ನು ಕಾರ್ಡಿನಲ್ಲಿ ಉಳಿಸಲು ಸುಚಿತಾ ಮರೆತಿದ್ದಾಳೆ. ಇಪ್ಪತ್ತನಾಲ್ಕು ವರ್ಷ ಸುಮ್ಮನಿರುವ ಅಭ್ಯಾಸವುಳ್ಳ ತಾವು ಈ ಒಂದು ವಿಷಯದಲ್ಲೂ ಸುಮ್ಮನಿರುವಿರೆಂದು ನಂಬಿದ್ದೇನೆ.

ಲಗತ್ತು: ಹಿತ್ತಾಳೆಯ ದಿಕ್ಸೂಚಿ, ಒಂದು, ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗಿಸಿದ್ದು. ಇದು ತಮಗಲ್ಲ. ಬಾಡಕ್ಕೆ ಹೋಗುವುದು.