ಹೊಲಿದಿಟ್ಟ ಹದಿನಾರು ಪುಟ

ನಮ್ಮ ಮಾವನಷ್ಟು ಓದಿದವರು ಬೆಳ್ಳಾರೆಯಿಂದ ಪುತ್ತೂರಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಓದಿದ ಪುಸ್ತಕ ಮಾತ್ರ ಒಂದೇ! ಅದನ್ನೂ ಮುಗಿಸಿದವರಲ್ಲ. ಸುಮ್ಮನೆ ಹೇಳುತ್ತಿಲ್ಲ, ನನ್ನ ದಿನಚರಿಯ ಕೊನೆಯ ಹಾಳೆಯಲ್ಲಿ ಆಗಲೇ ಬರೆದಿಟ್ಟಿದ್ದೆ: ಶುರು ಮಾಡಿದ್ದು ಹನ್ನೊಂದು ಸಲ, ಮುಗಿಸಿದ್ದು ಸೊನ್ನೆ. ಹನ್ನೊಂದರಲ್ಲಿ ಎಂಟು ಅವರೇ ಹೇಳಿದ್ದು, ಮೂರು ನಾನು ಕಣ್ಣಾರೆ ಕಂಡದ್ದು.

ಮಾವ ಎಂದರೆ ನನ್ನ ಅಮ್ಮನ ದೊಡ್ಡಮ್ಮನ ಮಗ. ಬೆಳ್ಳಾರೆ ಪೇಟೆಯಲ್ಲಿ ದರ್ಜಿ, ಒಂಟಿ ಜೀವ. ಅಲ್ಲಿನ ಶಾಲೆಗೆ ಹೊಸ ಮಾಸ್ತರನಾಗಿ ಬಂದ ನನಗೆ ಅವರ ಅಂಗಡಿಯ ಮಾಳಿಗೆಯೇ ಬಿಡಾರವಾಯಿತು.

ಪುಸ್ತಕದ ಹೆಸರೇನು? ಯಾರಿಗೂ ಗೊತ್ತಿಲ್ಲ! ಮುಖಪುಟ ಹೋಗಿ ಯಾವ ಕಾಲವಾಯಿತೋ. ಕೊಡಗಿನ ಬಿಳಿ ದೊರೆಯೊಬ್ಬ ತೋಟ ಮಾರಿ ತನ್ನ ದೇಶಕ್ಕೆ ಹೋದಾಗ ಬಂಗಲೆಯ ರದ್ದಿಯೆಲ್ಲ ಕಟ್ಟುಕಟ್ಟಾಗಿ ಸುಳ್ಯಕ್ಕೆ ಇಳಿದು, ಅದರಲ್ಲೊಂದು ಕಟ್ಟು ಬಟ್ಟೆ ಸುತ್ತಿಕೊಡಲೆಂದು ನಮ್ಮ ಪಕ್ಕದ ಜವಳಿ ಅಂಗಡಿಯ ಇಬ್ರಾಯಿ ಬ್ಯಾರಿಗಳಿಗೆ ಬಂತು. 'ಕೊಡಗಿನದ್ದು' ಎಂದು ಕೇಳಿದ್ದೇ ಮಾವ ಓಡಿಹೋಗಿ ಕಟ್ಟು ಬಿಚ್ಚಿ, ತಳದಲ್ಲಿದ್ದ ಈ ದಪ್ಪ ಇಂಗ್ಲಿಷ್ ಕಾದಂಬರಿಯನ್ನು ಎದೆಗವಚಿಕೊಂಡು ಬಂದರಂತೆ. ನೂರು ವರ್ಷ ಹಿಂದಿನ ಲಂಡನ್ ಪಟ್ಟಣದ ಕತೆ. ಬಡತನದಲ್ಲಿ ಬೆಂದ ಒಬ್ಬಳು ತಾಯಿ ತನ್ನ ಮಗುವನ್ನು ದಿಕ್ಕಿಲ್ಲದ ಮಕ್ಕಳನ್ನು ಸಾಕುವ ಮನೆಯಲ್ಲಿ ಬಿಟ್ಟು, ನೂಲಿನ ಗಿರಣಿಯ ಕೆಲಸಕ್ಕೆ ದೂರದ ಊರಿಗೆ ಹೋಗುತ್ತಾಳೆ. ಬಂದೇ ಬರುತ್ತೇನೆ ಎಂದು ಮಾತು ಕೊಟ್ಟಿರುತ್ತಾಳೆ. ಬರುತ್ತಾಳೋ ಇಲ್ಲವೋ? ಅದೇ ಕತೆ.

ಮಾವ ಎಂಟನೇ ಕ್ಲಾಸಿನ ಇಂಗ್ಲಿಷಿನಲ್ಲಿ, ಪುಸ್ತಕವನ್ನು ಮಷಿನ್ನಿಗೆ ಒರಗಿಸಿ, ಜಾರದಂತೆ ಇಸ್ತ್ರಿಪೆಟ್ಟಿಗೆ ಅಡ್ಡ ಇಟ್ಟು, ಕಾಲಿನಲ್ಲಿ ತುಳಿಯುತ್ತಾ ಓದುತ್ತಿದ್ದರು. ಹೊಲಿಗೆ ಏನಾಗಬೇಡ? ಮಗು ಗಂಜಿಗೆ ಕೈಯೊಡ್ಡಿ ನಿಲ್ಲುವ ಅಧ್ಯಾಯ ಒಂದೇ ಏಳು ಅಂಗಿಗಳನ್ನು ಬಲಿ ತೆಗೆದುಕೊಂಡಿದೆ. ಏಳನೆಯದು ನಮ್ಮ ಹೆಡ್ ಮಾಸ್ತರರದ್ದು. ಕಿಸೆ ಬೆನ್ನಿನಲ್ಲಿತ್ತು!

"ಇದೆಂತ ಮಾರಾಯ್ರೆ ಇದು?" ಎಂದು ಅವರು ಅಂಗಿ ಝಾಡಿಸಿದರು.

"ಆ ಅಧ್ಯಾಯದಲ್ಲಿ ಯಾರ ಕಿಸೆಯಲ್ಲೂ ಎಂತದೂ ಇಲ್ಲ ಮಾಸ್ತರ್ರೇ," ಎಂದರು ಮಾವ ಕಣ್ಣೊರೆಸಿಕೊಂಡು. "ಎದುರಿಗೆ ಇದ್ದರೆ ಎಂತ, ಹಿಂದೆ ಇದ್ದರೆ ಎಂತ?"

ಅವರ ಇನ್ನೊಂದು ಹುಚ್ಚು ಹಿಂದಿನ ಬಾಗಿಲಿನದ್ದು. ಕತೆಯ ಸಿರಿವಂತರ ಮನೆಗಳಿಗೆ ಎರಡು ಬಾಗಿಲು: ದೊಡ್ಡವರಿಗೆ ಎದುರಿನದ್ದು, ಬಡವರಿಗೆ ಹಿಂದಿನದ್ದು. ಅದನ್ನು ಓದಿದ ದಿನವೇ ಮಾವ ಅಂಗಡಿಯ ಹಿಂಬಾಗಿಲಿಗೆ ಹಲಗೆ ಹೊಡೆದು ಮುಚ್ಚಿಬಿಟ್ಟರು! ಪಟೇಲರಾಗಲಿ, ಶೇಂದಿ ಇಳಿಸುವವನಾಗಲಿ, ಎದುರಿನಿಂದಲೇ ಬರಬೇಕು. ಆದರೆ ಬಾವಿ ಇರುವುದು ಹಿಂದೆ. ಒಂದು ಕೊಡ ನೀರಿಗೆ ಅಂಗಡಿಗಳ ಇಡೀ ಸಾಲನ್ನು ಸುತ್ತಬೇಕು. ನಾನು ಅಳೆದಿದ್ದೇನೆ: ಹೋಗಲು ನೂರ ಅರವತ್ತೆರಡು ಹೆಜ್ಜೆ, ಬರಲು ಅಷ್ಟೇ.

ಇನ್ನು ಬಸ್ಸು! ಮಷಿನ್ ರಸ್ತೆಗೆ ಮುಖ ಮಾಡಿ ಕೂತಿತ್ತು. ಪುತ್ತೂರಿನ ಬಸ್ಸು ಬಂದರೆ ಮಾವ ಕತ್ತೆತ್ತುತ್ತಿರಲಿಲ್ಲ. ಸುಳ್ಯದ ಕಡೆಯಿಂದ ಬಸ್ಸು ಬಂದರೆ ಮಷಿನ್ ನಿಲ್ಲುತ್ತಿತ್ತು. ಇಳಿಯುವವರೆಲ್ಲ ಇಳಿದ ಮೇಲೆಯೇ ಮತ್ತೆ ಟಕಟಕ. ಗಿರಾಕಿಗಳನ್ನು ಹುಡುಕುತ್ತಾರೆಂದು ನಾನು ಬರೆದಿಟ್ಟೆ.

ಸಂಜೆ ಇಬ್ರಾಯಿ ಬ್ಯಾರಿಗಳು ಬೆಂಚಿಗೆ ಬಂದು ಕೂತರೆ ಕತೆ ಕನ್ನಡಕ್ಕೆ ಇಳಿಯುತ್ತಿತ್ತು.

"ಟೈಲರ್ರೇ, ತಾಯಿ ಬಂದಳಾ?"

"ದಾರಿಯಲ್ಲಿ ಇದ್ದಾಳೆ ಬ್ಯಾರಿಗಳೇ."

"ಎಂತ ದಾರಿ ಮಾರಾಯ್ರೆ ಅದು! ಮೂರು ತಿಂಗಳಾಯ್ತು. ನಡ್ಕೊಂಡು ಹೋದ್ರೂ ಮಂಗಳೂರು ಮುಟ್ಟಿ ನಾಲ್ಕು ಸಲ ವಾಪಸ್ ಬರಬಹುದಿತ್ತು. ಕೊನೆಗೆ ಎಂತ ಉಂಟು, ಅದನ್ನು ಹೇಳಿ."

"ಕೊನೆ ಗೆದ್ದಲು ತಿಂದಿದೆ."

ಮರುದಿನ ಪುಸ್ತಕ ಕೈಗೆ ಸಿಕ್ಕಾಗ ತೆರೆದು ನೋಡಿದೆ. ಗೆದ್ದಲೂ ಇಲ್ಲ, ಗಿದ್ದಲೂ ಇಲ್ಲ! ಕೊನೆಯ ಹದಿನಾರು ಪುಟಗಳನ್ನು ಒಟ್ಟು ಸೇರಿಸಿ ಮೂರು ಅಂಚಿಗೂ ಕರಿ ನೂಲಿನಲ್ಲಿ ಮಷಿನ್ ಹೊಲಿಗೆ ಹಾಕಿತ್ತು. ಅದೂ ಎರಡೆರಡು ಸಾಲು!

"ಇದೆಂತ ಮಾವ?"

"ಕಾಲರಿಗೆ ಡಬಲ್ ಹೊಲಿಗೆ ಯಾಕೆ ಹಾಕುದು? ಬಿಚ್ಚಬಾರದು ಅಂತ."

"ಓದಿ ಹೊಲಿದದ್ದಾ, ಓದದೆ ಹೊಲಿದದ್ದಾ?"

"ಓದಿದ್ದರೆ ಹೊಲಿಯುದು ಯಾಕೆ ಮಾರಾಯಾ?" ಎಂದು ಪುಸ್ತಕ ಕಿತ್ತುಕೊಂಡರು.

ಅರ್ಧಕ್ಕೆ ಬಿಟ್ಟ ಕೆಲಸ ಕಂಡರೆ ನನಗೆ ಮೈ ಪರಚಿಕೊಳ್ಳುವಂತಾಗುತ್ತದೆ. ಒಂದು ದಿನ ಬಿಚ್ಚಿಯೇ ಬಿಡುತ್ತೇನೆಂದು ಕ್ಷೌರದ ಬ್ಲೇಡೊಂದನ್ನು ದಿನಚರಿಯೊಳಗೆ ಇಟ್ಟುಕೊಂಡೆ.

ಅಷ್ಟರಲ್ಲಿ ಅಕ್ಕಿಯ ಪ್ರಸಂಗ ನಡೆಯಿತು. ಬ್ಯಾರಿಗಳು ಎರಡು ಸೇರು ಕುಚ್ಚಲಕ್ಕಿ ತಂದು ಮಷಿನ್ನಿನ ಮೇಲಿಟ್ಟರು.

"ಆ ಮಗುವಿಗೆ ಮುಟ್ಟಿಸಿ."

ನಾನು ನಗು ತಡೆಯಲಾರದೆ, "ಅದು ಕತೆ ಬ್ಯಾರಿಗಳೇ!" ಎಂದೆ.

"ಕತೆಯೋ ನಿಜವೋ ನಂಗೆ ಗೊತ್ತಿಲ್ಲ ಮಾಸ್ತರ್ರೇ. ಹಸಿವೆ ಅಂತ ಕೇಳಿದ ಮೇಲೆ ನಂಗೆ ಅನ್ನ ಇಳಿಯುದಿಲ್ಲ."

ಮಾವ ನಗಲಿಲ್ಲ. "ಮುಟ್ಟಿಸ್ತೇನೆ," ಎಂದರು. ಆ ಅಕ್ಕಿಯಲ್ಲಿ ಗಂಜಿ ಬೇಯಿಸಿ, ನನಗೊಂದು ತುತ್ತೂ ಕೊಡದೆ, ಒಬ್ಬರೇ ಕೂತು ಉಂಡರು! ನಾನು ದಿನಚರಿಯಲ್ಲಿ ಬರೆದೆ: 'ಮಾವ ಇಂದು ಬ್ಯಾರಿಗಳಿಗೆ ಮೋಸ ಮಾಡಿದರು.'

ರಜೆಯಲ್ಲಿ ನಮ್ಮೂರು ಆಲಂಕಾರಿಗೆ ಹೋದಾಗ ಅಮ್ಮನಿಗೆ ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ಅಮ್ಮ ನಗಲಿಲ್ಲ.

"ಅವನಿಗೆ ಆಗ ಆರು ವರ್ಷ ಮಗಾ," ಎಂದಳು. "ದೊಡ್ಡಮ್ಮ ಅವನನ್ನು ನಮ್ಮಲ್ಲಿ ಬಿಟ್ಟು, ಸುಳ್ಯ ದಾಟಿ ಕೊಡಗಿಗೆ ಕಾಫಿ ಕೊಯ್ಲಿಗೆ ಹೋದ್ರು. ಕೊಯ್ಲು ಮುಗಿದ ಕೂಡ್ಲೇ ಬರ್ತೇನೆ ಅಂತ ಹೇಳಿದ್ರು. ನಮ್ಮ ಅಪ್ಪನಲ್ಲಿಗೆ ದೊಡ್ಡ ಜನ ಬಂದರೆ ಅವನಿಗೆ ಹಿಂದಿನ ಬಾಗಿಲಲ್ಲಿ ಎಲೆ ಹಾಕುದು. ನಮಗೆಲ್ಲ ಅನ್ನ, ಅವನಿಗೆ ಗಂಜಿತಿಳಿ. ನಾನು ಒಳಗೆ ಕೂತು ಉಣ್ತಿದ್ದೆ."

"ಮತ್ತೆ ಅವರು ಬರಲಿಲ್ಲವಾ?"

"ಬರ್ಲಿಲ್ಲ. ಸತ್ತರು ಅಂತ ಸುದ್ದಿಯೂ ಬರ್ಲಿಲ್ಲ."

ಬೆಳ್ಳಾರೆಗೆ ಮರಳಿದ ದಿನ ಮಾವ ಹನ್ನೆರಡನೆಯ ಸಲ ಮೊದಲ ಪುಟ ತೆರೆದಿದ್ದರು. ನನ್ನನ್ನು ಕಂಡು, "ಬಂದೆಯಾ? ಕೂತ್ಕೋ, ಗಂಜಿಗೆ ಇಡ್ತೇನೆ," ಎಂದು ಕೊಡ ಹಿಡಿದು ಬಾವಿಗೆ ಹೊರಟರು. ನೂರ ಅರವತ್ತೆರಡು ಹೆಜ್ಜೆ ಹೋಗಲು, ಅಷ್ಟೇ ಬರಲು. ಬೇಕಾದಷ್ಟು ಸಮಯ.

ಪುಸ್ತಕ ಕೈಗೆತ್ತಿಕೊಂಡೆ. ಹನ್ನೊಂದು ಸಲ ತಿರುವಿ ತಿರುವಿ ಒಂದು ಮೂಲೆಯಲ್ಲಿ ನೂಲು ಸವೆದು, ಬೆರಳು ತೂರುವಷ್ಟು ಬಾಯಿ ಬಿಟ್ಟಿತ್ತು. ಬ್ಲೇಡೂ ಬೇಡ. ಬಗ್ಗಿ ಇಣುಕಿದರೆ ಒಂದೆರಡು ಸಾಲು ಕಾಣುತ್ತಿತ್ತು.

ದಿನಚರಿ ತೆರೆದೆ. ಬ್ಲೇಡನ್ನು ತೆಗೆದು ಬದಿಗಿಟ್ಟು, ಮೋಸದ ಸಾಲನ್ನು ಹೊಡೆದುಹಾಕಿ, ಕೆಳಗೆ ಬರೆದೆ: 'ಬ್ಯಾರಿಗಳ ಅಕ್ಕಿ ಮಗುವಿಗೆ ಮುಟ್ಟಿದೆ.'

ಮಾವ ಕೊಡ ಇಳಿಸಿದಾಗ ಪುಸ್ತಕವನ್ನು ಅವರ ಮುಂದೆ ಹಿಡಿದೆ.

"ಮಾವ, ಇಲ್ಲಿ ನೂಲು ಸಡಿಲ ಆಗಿದೆ. ಒಂದು ಹೊಲಿಗೆ ಹಾಕಿ."

ಅವರು ಮೂಲೆಯನ್ನು ನೋಡಿದರು, ನನ್ನನ್ನು ನೋಡಿದರು, ಬದಿಯಲ್ಲಿದ್ದ ಬ್ಲೇಡನ್ನೂ ನೋಡಿದರು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು, ಪುಟಗಳನ್ನು ಸೂಜಿಯ ಕೆಳಗಿಟ್ಟು ತುಳಿಯತೊಡಗಿದರು.

ಅರ್ಧ ಅಂಚು ಮುಗಿದಿರಬೇಕು, ಸುಳ್ಯದ ಕಡೆಯಿಂದ ಬಸ್ಸು ಬಂದು ನಿಂತಿತು. ಮಷಿನ್ ನಿಂತಿತು. ಈ ಸಲ ನಾನೂ ಕತ್ತೆತ್ತಿ, ಇಳಿಯುವವರನ್ನು ಒಬ್ಬೊಬ್ಬರನ್ನಾಗಿ ನೋಡಿದೆ.