ಹರ್ಮನ್ ಅವರ ಕ್ಯಾಮೆರಾ ಮತ್ತು ನನ್ನ ನಾಲಿಗೆ

ಕ್ಯಾಮೆರಾದಲ್ಲಿ ಏನು ಮಹಾ ಇದೆ? ಕಣ್ಣಿಡಬೇಕು, ಗುಂಡಿ ಒತ್ತಬೇಕು. ಎಸ್ಸೆಸ್ಸೆಲ್ಸಿ ಪಾಸಾಗಿ, ಎರಡು ಮದುವೆ ಮತ್ತು ಒಂದು ನಾಮಕರಣದ ಫೋಟೋ ತೆಗೆದಿದ್ದ ನನಗೆ ಅಷ್ಟು ಜ್ಞಾನ ಸಾಕು ಎಂದೇ ಆಗ ನಂಬಿದ್ದೆ. ಈಗ ವಯಸ್ಸಾಗಿದೆ. ತಪ್ಪೊಪ್ಪಿಕೊಂಡು ಹಗುರಾಗುವ ಆಸೆ. ಹೇಳಿಬಿಡುತ್ತೇನೆ.

ಎಂಬತ್ತರ ದಶಕದಲ್ಲಿ ನಾವು ಕಡಲಾಚೆಯ ಸ್ಯಾನ್ ಹೋಸೆ ನಗರದ ಬೆರ್ರಿಯೆಸಾ ಬಡಾವಣೆಯಲ್ಲಿದ್ದೆವು. ನಾನು ಒಂದು ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಯಲ್ಲಿ ಬೆಸುಗೆ ಹಾಕುತ್ತಿದ್ದೆ. ಪಕ್ಕದ ಮನೆಯಲ್ಲಿ ಹರ್ಮನ್ ಒಬ್ಬರೇ. ಯುದ್ಧ ಮುಗಿದ ಮೇಲೆ ಜರ್ಮನಿಯಿಂದ ಬಂದು, ಲೇತ್ ಕೆಲಸ ಮಾಡಿ ನಿವೃತ್ತರಾದವರು. ಆರು ವರ್ಷದವರಿದ್ದಾಗ ತಮ್ಮೂರಿನ ಗುಡ್ಡದಿಂದ ಎಂಜಿನ್ನಿಲ್ಲದ ವಿಮಾನವೊಂದು ತೇಲಿಹೋದದ್ದನ್ನು ಕಂಡರಂತೆ. ಅವತ್ತು ಎತ್ತಿದ ಕತ್ತನ್ನು ಆಮೇಲೆ ಇಳಿಸಲೇ ಇಲ್ಲ! ಅವರ ಮನೆಯ ಗೋಡೆಗಳ ತುಂಬ ಅವರೇ ತೆಗೆದ ವಿಮಾನದ ಫೋಟೋಗಳು. ಬಚ್ಚಲುಮನೆಯಲ್ಲೂ! ಅದೂ ನೆಟ್ಟಗೆ ಹಾರುವ ಮರ್ಯಾದಸ್ಥ ವಿಮಾನಗಳಲ್ಲ. ಪಲ್ಟಿ ಹೊಡೆಯುವಂಥವು, ಹೊಗೆಯುಗುಳುತ್ತ ಬುಗುರಿಯಂತೆ ಸುತ್ತುವಂಥವು.

ಆ ಕಸರತ್ತಿನವರಲ್ಲೆಲ್ಲ ಅವರ ಪಾಲಿಗೆ ರಾಣಿ ಒಬ್ಬಳೇ. ಅರವತ್ತು ದಾಟಿದ ಹೆಂಗಸು, ಕೆಂಪು ವಿಮಾನ. ಎರಡು ಕಂಬಗಳ ನಡುವೆ ನೆಲಕ್ಕೆ ಹತ್ತಿರವಾಗಿ ರಿಬ್ಬನ್ ಕಟ್ಟಿರುತ್ತಾರೆ. ಆಕೆ ವಿಮಾನವನ್ನು ತಲೆಕೆಳಗು ಮಾಡಿಕೊಂಡು ಬಂದು ಅದನ್ನು ಕತ್ತರಿಸಿ ಹೋಗುತ್ತಾಳೆ. ಹರ್ಮನ್ ಹತ್ತು ವರ್ಷದಿಂದ ಆ ಕ್ಷಣದ ಬೆನ್ನು ಬಿದ್ದಿದ್ದರು. ಕತ್ತರಿಸುವ ಮೊದಲಿನದು ಸಿಕ್ಕಿತ್ತು, ಕತ್ತರಿಸಿದ ಮೇಲಿನದು ಸಿಕ್ಕಿತ್ತು. ಕತ್ತರಿಸುವಾಗಿನದು ಸಿಕ್ಕಿರಲಿಲ್ಲ. ಒಂದು ವರ್ಷ, ಅಕ್ಟೋಬರಿನ ಭಾನುವಾರವೊಂದರಂದು, ಮಾರ್ಗನ್ ಹಿಲ್ ಆಚೆಯ ಸಣ್ಣ ಮೈದಾನದಲ್ಲಿ ಆಕೆಯ ಕೊನೆಯ ಹಾರಾಟ ಎಂದು ಪ್ರಕಟವಾಯಿತು. ಹರ್ಮನ್ ಅದಕ್ಕೆ ಎರಡು ವಾರ ಮುಂಚೆ ಏಣಿಯಿಂದ ಬಿದ್ದು ಬಲಗೈ ಮುರಿದುಕೊಂಡರು.

"ಚಿಂತೆ ಮಾಡಬೇಡಿ. ನಾನಿದ್ದೇನೆ!" ಎಂದೆ.

"ಟೋಸ್ಟರ್ ರಿಪೇರಿ ಮಾಡೋವಾಗ್ಲೂ ಹೀಗೇ ಅಂದಿದ್ರಿ," ಎಂದಳು ನನ್ನ ಹೆಂಡತಿ ಶಾರದಾ. "ಆಮೇಲೆ ಪಕ್ಕದ್ಮನೇಲೂ ಕರೆಂಟ್ ಹೋಯ್ತು."

ಹರ್ಮನ್ ಒಂದು ವಾರ ನನಗೆ ಪಾಠ ಹೇಳಿದರು. ಹೊರಡುವ ದಿನ ತಾವೇ ಒಂದು ಕೈ, ಎರಡು ಸಾಲು ಹಲ್ಲು ಬಳಸಿ ಕ್ಯಾಮೆರಾಕ್ಕೆ ರೋಲು ತುಂಬಿದರು. ರೋಲು ಬದಲಿಸುವ ಕೆಲಸವನ್ನು ನನ್ನ ಕೈಗೆ ಬಿಡಲಿಲ್ಲ. ಹಾಗಾಗಿ ಇದ್ದದ್ದು ಒಂದೇ ರೋಲು, ಮೂವತ್ತಾರು ಫೋಟೋ.

"ರಾಣಿಗೆ ಹದಿನೈದು ಉಳಿಸಿ," ಎಂದರು.

"ಇಪ್ಪತ್ತು ಉಳಿಸ್ತೀನಿ!" ಎಂದೆ. ಉದಾರಿ ನಾನು.

ಮೈದಾನದಲ್ಲಿ ಹರ್ಮನ್ ಜನರನ್ನು ತಡೆಯಲು ಕಟ್ಟಿದ್ದ ಹಗ್ಗದ ಪಕ್ಕ ಕುರ್ಚಿ ಹಾಕಿಕೊಂಡು ಆಕಾಶಕ್ಕೆ ಮುಖ ಮಾಡಿದರು. ಇನ್ನು ಅವರ ಪಾಲಿಗೆ ಭೂಲೋಕವಿಲ್ಲ. ಅಷ್ಟರಲ್ಲಿ ಪಕ್ಕದೂರು ಫ್ರೀಮಾಂಟಿನ ರಘು, ಅವನ ಹೆಂಡತಿ ಪದ್ಮಾ, ಮೈಸೂರಿನಿಂದ ಬಂದಿದ್ದ ಪದ್ಮಾಳ ವಯಸ್ಸಾದ ತಾಯಿ ಎದುರಾದರು.

"ಅಂಕಲ್, ಹಿಂದೆ ವಿಮಾನ ಬರೋ ಹಾಗೆ ನಮ್ದೊಂದು ತೆಗೀರಿ. ಊರಿಗೆ ಕಳಿಸ್ತೀವಿ," ಎಂದ ರಘು.

ಇಲ್ಲಿ ನನ್ನ ಘೋರ ಅಪರಾಧವನ್ನು ದಾಖಲಿಸಬೇಕು. ಮನುಷ್ಯರಿಲ್ಲದ ಫೋಟೋ ಎಂದರೆ ರೋಲು ದಂಡ ಎಂಬುದು ನನ್ನ ವಂಶಪಾರಂಪರ್ಯ ನಂಬಿಕೆ. ಬರೀ ಆಕಾಶ ತೆಗೆದರೆ ನೋಡುವವರು "ಇದರಲ್ಲಿ ಯಾರಿದ್ದಾರೆ?" ಎಂದು ಕೇಳುವುದಿಲ್ಲವೇ?

ಕ್ಯಾಮೆರಾ ತಿರುಗಿಸಿದೆ. ಆ ಉದ್ದನೆಯ ಲೆನ್ಸಿನಲ್ಲಿ ಪದ್ಮಾಳ ಮೂಗು ಮಾತ್ರ ಕಂಡಿತು. "ಹಿಂದೆ ಹೋಗಿ, ಇನ್ನೂ ಹಿಂದೆ!" ಎನ್ನುತ್ತ ಅವರನ್ನು ಪಾಪ್‌ಕಾರ್ನ್ ಅಂಗಡಿಯವರೆಗೆ ಅಟ್ಟಿದೆ.

"ಅಯ್ಯಯ್ಯೋ, ತಡೀರಿ!" ಅಜ್ಜಿ ಅಲ್ಲಿಂದಲೇ ಕೂಗಿದರು. "ಮೂರು ಜನ ನಿಂತು ಫೋಟೋ ತೆಗೆಸ್ಕೋಬಾರ್ದು!"

ನ್ಯಾಯವಾದ ಮಾತು. ಶಾರದಾಳನ್ನು ಓಡಿಸಿದೆ. ನಾಲ್ವರಾದರು. ಒಬ್ಬರು ಕಣ್ಣು ಮುಚ್ಚಿದರು, ಮತ್ತೊಂದು ತೆಗೆದೆ. ವಿಮಾನ ಬರಲಿಲ್ಲ, ಮತ್ತೊಂದು. ಅಷ್ಟರಲ್ಲಿ ಹುಬ್ಬಳ್ಳಿಯ ಡಾಕ್ಟರೊಬ್ಬರು ಸಂಸಾರ ಸಮೇತ ಬಂದರು.

"ನಮ್ದೂ ಒಂದ್ ಹೊಡೀರಲ್ರೀ ಸರ. ಹಿಂದ ಇಮಾನ ಬರ್ಲಿ."

ಅವರೂ ಮೂವರು! ಮತ್ತೆ ನಾಲ್ಕನೆಯವಳಾಗಿ ಶಾರದಾ. ಸುದ್ದಿ ಹಬ್ಬಿತು. ಕನ್ನಡದವರೆಲ್ಲ ಸಾಲುಗಟ್ಟಿದರು. ಲೆಕ್ಕ ಮರೆತೆ.

"ಅವಳು ಬಂದಳು!" ಹರ್ಮನ್ ಚೀರಿದರು.

ನಾನು ಓಡಿ ಅವರ ಪಕ್ಕ ನಿಂತೆ. ಕೆಂಪು ವಿಮಾನ ಮಗುಚಿ, ಹೊಟ್ಟೆ ಮೇಲು ಮಾಡಿಕೊಂಡು, ಹುಲ್ಲು ಸವರುವ ಹಾಗೆ ಬರುತ್ತಿತ್ತು. ಗುಂಡಿ ಒತ್ತಿದೆ. ಒತ್ತಿಕೊಳ್ಳಲಿಲ್ಲ. ರೋಲು ಮುಂದೆ ಸರಿಸುವ ಹಿಡಿ ಎಳೆದೆ. ಅಲುಗಲಿಲ್ಲ. ರೋಲು ಮುಗಿದಿತ್ತು!

"ತೆಗೀರಿ! ತೆಗೀರಿ!"

ಏನು ಮಾಡಲಿ? ಕ್ಯಾಮೆರಾದ ಹಿಂದೆ ಮುಖ ಮರೆಸಿಕೊಂಡು ನಾಲಿಗೆಯಿಂದ "ಟಕ್, ಟಕ್, ಟಕ್" ಎಂದೆ. ರಿಬ್ಬನ್ ಎರಡು ತುಂಡಾಗಿ ಗಾಳಿಯಲ್ಲಿ ಹಾರಿತು. ನಾನು ಇನ್ನೂ "ಟಕ್ ಟಕ್" ಎನ್ನುತ್ತಲೇ ಇದ್ದೆ.

"ಗೂಟ್! ಗೂಟ್!" ಎಂದು ಹರ್ಮನ್ ಕೂಗಿದರು. ಅವರ ಭಾಷೆಯಲ್ಲಿ ಅದು ಭೇಷ್ ಎಂದಂತೆ. ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು, ಬೇರೆ ಕಾರಣಕ್ಕೆ.

ಆಮೇಲೆ ಮೂರು ದಿನ ನನಗೆ ಅನ್ನ ಸೇರಲಿಲ್ಲ.

"ಹೋಗಿ ಹೇಳ್ಬಿಡಿ," ಎಂದಳು ಶಾರದಾ. "ಫೋಟೋ ಬಂದ್ಮೇಲೆ ಹೇಗಿದ್ರೂ ಗೊತ್ತಾಗತ್ತೆ. ಈಗ್ಲೇ ಹೇಳಿದ್ರೆ ಪ್ರಾಮಾಣಿಕರು ಅಂತಾದ್ರೂ ಅನ್ನಿಸ್ಕೊಳ್ತೀರಿ."

ಫೋಟೋ ಲಕೋಟೆಯನ್ನು ಅಂಗಡಿಯಿಂದ ತಂದು, ಶಾರದಾಳ ಜೊತೆ ಅವರ ಮನೆಗೆ ಹೋಗಿ, ಬಾಗಿಲಲ್ಲೇ ನಿಂತು ಎಲ್ಲ ಒಪ್ಪಿಕೊಂಡೆ. ನಾಲಿಗೆಯ ವಿಷಯವನ್ನೂ.

"ಗೊತ್ತು," ಎಂದರು ಹರ್ಮನ್. "ನನ್ನ ಕ್ಯಾಮೆರಾದ ಸದ್ದು ನನಗೆ ಗೊತ್ತಿಲ್ಲವೇ? ಅದು ಹಲ್ಲಿಯ ಹಾಗೆ ಲೊಚಗುಟ್ಟುವುದಿಲ್ಲ."

"ಮತ್ತೆ ಗೂಟ್ ಗೂಟ್ ಅಂದ್ರಲ್ಲ?"

"ಅದು ನಿಮಗಲ್ಲ. ಅವಳಿಗೆ."

ನಾನು ನೆಲ ನೋಡಿದೆ. ಅವರು ಹೇಳಿದರು: "ಹತ್ತು ವರ್ಷ ಅವಳನ್ನು ಸಣ್ಣ ಕಿಂಡಿಯಲ್ಲಿ ಒಂದೇ ಕಣ್ಣಿಂದ ನೋಡಿದೆ. ಆ ರಿಬ್ಬನ್ ಕತ್ತರಿಸಿದ್ದನ್ನು ಎರಡೂ ಕಣ್ಣಿಂದ ನೋಡಿದ್ದು ಮೊನ್ನೆಯೇ ಮೊದಲು. ಬನ್ನಿ ಒಳಗೆ, ಕಾಫಿ ಕುಡಿಯೋಣ."

ಬೈದಿದ್ದರೆ ಸುಲಭವಾಗುತ್ತಿತ್ತು. ಆ ಒಳ್ಳೆಯತನ ತಡೆಯಲಾರದೆ, ಲಕೋಟೆ ಒಡೆದು ಒಂದಾದರೂ ವಿಮಾನ ತೋರಿಸಿ ಋಣ ತೀರಿಸಲು ಹೊರಟೆ. ಮೂವತ್ತೈದು ಫೋಟೋಗಳಲ್ಲಿ ಪಾಪ್‌ಕಾರ್ನ್ ಅಂಗಡಿ, ಅದರ ಮುಂದೆ ಕನ್ನಡ ಕುಲಬಾಂಧವರು, ಹೆಚ್ಚಿನದರಲ್ಲಿ ನಾಲ್ಕನೆಯವಳಾಗಿ ಶಾರದಾ. ಉಳಿದ ಒಂದರಲ್ಲಿ ಅಜ್ಜಿಯ ತುರುಬಿನ ಮೇಲೆ ರೆಕ್ಕೆ ಚಾಚಿದ ಒಂದು ಕಪ್ಪು ಆಕಾರ!

"ನೋಡಿ! ಸಿಕ್ಕಿತು!" ಎಂದು ಕುಣಿದೆ.

ಹರ್ಮನ್ ಭೂತಗನ್ನಡಿ ತಂದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ನನ್ನ ಭುಜದ ಮೇಲೆ ಎಡಗೈ ಇಟ್ಟರು.

"ಹದ್ದು," ಎಂದರು.